ಗಡಿಯ ಮುಂಡಾಸು

ಸಯನ್, ಮುಂಬಯಿ
೧೮ ಅಕ್ಟೋಬರ್ ೧೯೮೯, ಬುಧವಾರ

ಪ್ರೀತಿಯ ಮಗ ಶೇಖರಾ,

ಹೇಗಿದ್ದಿ? ಕೆಮ್ಮು ನಿಂತಿತೇ? ಊರಿನ ಬಾವಿ ನೀರು ನಿನಗೆ ಹೊಸತು, ಕುದಿಸಿ ಆರಿಸಿ ಕುಡಿ ಎಂದು ಬಸ್ ಹತ್ತಿಸುವಾಗ ಹೇಳಿದ್ದೆ. ನೀನು ನಕ್ಕುಬಿಟ್ಟೆ. ನಗುವವರು ನಗಲಿ, ಹೊಟ್ಟೆ ಕೆಟ್ಟರೆ ಭಾಷಣ ಮಾಡುವವರು ಯಾರು? ಇಲ್ಲಿ ನಾವು ಕ್ಷೇಮ. ಅಪ್ಪನ ಸಕ್ಕರೆ ಸ್ವಲ್ಪ ಏರಿದೆ. ಘಾಟ್ಕೋಪರ್ ಹೋಟೆಲಿನ ಗಲ್ಲಾದಲ್ಲಿ ಕುಳಿತು ಯಾರೂ ನೋಡದಾಗ ಮೈಸೂರುಪಾಕಿನ ತುಂಡು ಬಾಯಿಗೆ ಹಾಕಿಕೊಳ್ಳುತ್ತಾರೆ ಎಂದು ನನಗೆ ಅನುಮಾನ. ಕೇಳಿದರೆ "ಗಿರಾಕಿ ಬಯ್ಯುವ ಮೊದ್ಲು ನಾವು ರುಚಿ ನೋಡ್ಬೇಡ್ವಾ ಮಾರಾಯ್ತಿ" ಎನ್ನುತ್ತಾರೆ. ಅಕ್ಟೋಬರಿನ ಸೆಖೆಗೆ ಬಿಲ್ಡಿಂಗಿನವರೆಲ್ಲ ಬಾಗಿಲು ತೆರೆದಿಟ್ಟೇ ಕುಳಿತಿರುತ್ತಾರೆ, ನಾನು ಮಾತ್ರ ಚಿಲಕ ಹಾಕಿಕೊಳ್ಳುತ್ತೇನೆ. ನನ್ನ ಮಂಡಿನೋವು ನಿನಗೆ ಗೊತ್ತೇ ಇದೆಯಲ್ಲ, ಅದಕ್ಕೆ ಎದುರುಮನೆಯ ನೀಲಾಬಾಯಿ ಎಳ್ಳೆಣ್ಣೆಯಲ್ಲಿ ಏನೋ ಬೇರು ಕಾಯಿಸಿ ಕೊಟ್ಟಳು. ಏನು ಬೇರೋ ಏನೋ, ನಾನು ಮೊದಲು ಎಡ ಮಂಡಿಗೆ ಮಾತ್ರ ಹಚ್ಚಿ ನೋಡಿದೆ. ಎಡಗಾಲು ಉಳಿಯಿತು, ಹಗುರವೂ ಆಯಿತು ಎಂದು ಗೊತ್ತಾದ ಮೇಲೆಯೇ ಬಲಕ್ಕೆ ಹಚ್ಚಿದ್ದು. ಈಗ ಕೈಗಂಬಿ ಹಿಡಿಯದೆ ಮೆಟ್ಟಿಲು ಇಳಿಯುತ್ತೇನೆ. ಅದನ್ನು ನೋಡಿ ಅಪ್ಪ, "ನಿನಗೆ ದೇವರು ಪ್ರತ್ಯಕ್ಷ ಆದ್ರೂ ಮೊದ್ಲು ರೇಷನ್ ಕಾರ್ಡು ತೋರ್ಸು ಅಂತಿ" ಎಂದರು. ಹೌದು, ಕೇಳುತ್ತೇನೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಕಲಿತದ್ದು ನಾನು ಹುಟ್ಟಿದ ಮನೆಯಲ್ಲಿ. ಆ ಮನೆಯಲ್ಲಿಯೇ ಈಗ ನೀನು ಕುಳಿತಿದ್ದಿ.

ಈ ಕಾಗದವನ್ನು ಐತನ ಕೈಯಲ್ಲಿ ಕಳಿಸುತ್ತಿದ್ದೇನೆ. ಹೋಟೆಲಿನ ನಮ್ಮ ಹಳೆಯ ಅಡುಗೆಯವನು, ತನ್ನ ಅಣ್ಣನ ಹೊಸ ಮನೆಯ ಒಕ್ಕಲಿಗೆಂದು ಇವತ್ತು ಸಂಜೆಯ ಬಸ್ಸಿಗೆ ಊರಿಗೆ ಹೊರಟಿದ್ದಾನೆ. ನಿನ್ನ ಕೈಗೇ ಕೊಡಬೇಕು, ಬೇರೆ ಯಾರು ಕೇಳಿದರೂ "ಚಕ್ಕುಲಿ ತಂದೆ" ಎನ್ನಬೇಕು ಎಂದು ಹೇಳಿದ್ದೇನೆ. ಸುಳ್ಳಾಗದಿರಲಿ ಎಂದು ಚಕ್ಕುಲಿಯನ್ನೂ ಇಟ್ಟಿದ್ದೇನೆ. ಅಂಚೆಗೆ ಯಾಕೆ ಹಾಕಲಿಲ್ಲ ಎನ್ನುವೆಯಾ? ಹಿಂದಿನ ಸಲ ನಿನಗೆ ಬರೆದಾಗ, ನಿನ್ನ ಬನಿಯನ್ನುಗಳು ಹರಿದಿವೆ, ನಾಲ್ಕು ಹೊಸತು ಕೊಂಡುಕೊ ಎಂದು ಬರೆದಿದ್ದೆ. ನಿನ್ನ ಉತ್ತರ ಬರುವ ಮೊದಲೇ ನಿನ್ನ ಅತ್ತೆ, ನನ್ನ ಅತ್ತಿಗೆ, ಹೋಟೆಲಿಗೆ ಫೋನ್ ಮಾಡಿ "ವಾರಿಜನಿಗೆ ಹೇಳಿ, ಶೇಖರನಿಗೆ ಹೊಸ ಬನಿಯನ್ ತಂದಾಯ್ತು" ಎಂದಳಂತೆ. ಆ ಕಾಗದ ನಿನಗೆ ಸಿಕ್ಕಿದ್ದೇ ಮರುದಿನ ಎಂದು ಆಮೇಲೆ ನೀನೇ ಬರೆದೆ. ಅಂದರೆ ಆ ಮನೆಗೆ ಬರುವ ಅಂಚೆ ಮೊದಲು ಯಾರ ಕನ್ನಡಕದ ಕೆಳಗೆ ಹೋಗುತ್ತದೆ ಎಂದು ನೀನೇ ಯೋಚಿಸು. ಇದನ್ನು ಓದಿ ಒಲೆಗೆ ಹಾಕು. ನೀನು ಕನ್ನಡ ಓದುವುದು ಎತ್ತಿನಗಾಡಿ ಹೋದ ಹಾಗೆ ಎಂದು ಅಕ್ಷರಗಳನ್ನು ದೊಡ್ಡದಾಗಿ ಬಿಡಿಸಿ ಬರೆದಿದ್ದೇನೆ. ಅರ್ಧಕ್ಕೆ ನಿಲ್ಲಿಸಬೇಡ.

ನಿನ್ನ ಕಾಗದ ಮೊನ್ನೆ ಬಂತು. ನಾಲ್ಕು ಸಲ ಓದಿದೆ. ಭಾನುವಾರ ನಮ್ಮ ಕುಟುಂಬದ ಗುತ್ತಿನ ಮನೆಯಲ್ಲಿ ನಿನ್ನನ್ನು ಗಡಿಗೆ, ಯಜಮಾನನ ಪಟ್ಟಕ್ಕೆ, ಕೂರಿಸುತ್ತಾರೆ, ಜರಿಯ ಮುಂಡಾಸಿಗೆ ತಲೆಯ ಅಳತೆ ತೆಗೆದುಕೊಂಡಿದ್ದಾರೆ, ಬೆಳ್ಳಿ ಹಿಡಿಯ ಕತ್ತಿಯನ್ನು ಹುಣಸೆಹುಳಿ ಹಾಕಿ ತಿಕ್ಕಿಸಿದ್ದಾರೆ, ಪೇಪರಿನವರು ಫೋಟೋ ತೆಗೆಯಲು ಬರುತ್ತಾರೆ. ಎಲ್ಲ ಬರೆದಿದ್ದಿ. ಟಿಕೆಟಿನ ವಿಷಯಕ್ಕೆ ಒಂದೇ ಸಾಲು, "ಅದು ಮಾವ ನೋಡ್ಕೊಳ್ತಾರೆ, ಡೋಂಟ್ ವರಿ ಅಮ್ಮಾ." ಮಗಾ, ನೀನು ಹೋದದ್ದು ಯಾವುದಕ್ಕೆ? ವಿಧಾನಸಭೆಯ ಟಿಕೆಟಿಗೆ. ನಿನ್ನ ಕಾಗದದಲ್ಲಿ ತುಂಬಿರುವುದು ಏನು? ಮುಂಡಾಸು. ಅಲ್ಲಿಯೇ ನನ್ನ ಮೂಗಿಗೆ ಮೊದಲು ವಾಸನೆ ಹೊಡೆದದ್ದು.

ಅದೇ ದಿನ ನಿನ್ನ ಮಾವನದ್ದೂ ಒಂದು ಕಾಗದ ಬಂತು. ನನ್ನ ಒಡಹುಟ್ಟಿದ ಅಣ್ಣ, ಎಮ್ಮೆಲ್ಲೆ ಆಗಿದ್ದಾಗ ದೀಪಾವಳಿಗೂ ಒಂದು ಗೆರೆ ಗೀಚದವನು, ಈಗ ಎರಡು ಪುಟ ಬರೆದಿದ್ದಾನೆ. "ಪ್ರೀತಿಯ ತಂಗಿ ವಾರಿಜಾ, ನಿನ್ನ ಮಂಡಿನೋವಿನ ಚಿಂತೆಯಲ್ಲಿ ನನಗೆ ನಿದ್ದೆ ಇಲ್ಲ" ಎಂದು ಆರಂಭ. ಅವನಿಗೆ ನಿದ್ದೆ ಇಲ್ಲದ್ದು ನಿಜವಿರಬಹುದು, ಆದರೆ ಅದು ನನ್ನ ಮಂಡಿಗಾಗಿ ಅಲ್ಲ. ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕಾಲು ಮಡಚಿ ಕುಳಿತು ಬರುವ ಕಷ್ಟ ಬೇಡವಂತೆ. ನಿನ್ನ ತಲೆಗೆ ಮೊದಲ ಅಕ್ಕಿಕಾಳನ್ನು ನನ್ನ ಹೆಸರಿನಲ್ಲಿ ಅತ್ತಿಗೆಯೇ ಹಾಕುತ್ತಾಳಂತೆ. ನಾನು ಇಲ್ಲಿಂದಲೇ ಆಶೀರ್ವದಿಸಿದರೆ ಸಾಕಂತೆ. ಅತಿ ವಿನಯಂ ಧೂರ್ತ ಲಕ್ಷಣಂ ಎಂದು ಸುಮ್ಮನೆ ಹೇಳಲಿಲ್ಲ. ನಮ್ಮದು ತಾಯಿಯ ಕಡೆಯಿಂದ ಬರುವ ಸಂತಾನ. ಗಡಿ ಮಾವನಿಂದ ಅಳಿಯನಿಗೆ ಬರುತ್ತದೆಯೇ ಹೊರತು ಅಪ್ಪನಿಂದ ಮಗನಿಗಲ್ಲ. ಗಡಿಗೆ ಕೂರುವವನ ತಲೆಗೆ ಮೊದಲ ಅಕ್ಕಿ ಹಾಕುವುದು ಆ ಮನೆಯಲ್ಲಿ ಹುಟ್ಟಿದ ಹಿರಿಯ ಹೆಂಗಸು. ಈಗ ಅದು ನಾನು. ಅತ್ತಿಗೆ ಬೇರೆ ಕುಟುಂಬದಿಂದ ಬಂದವಳು, ಅವಳ ಕೈ ಅಲ್ಲಿ ನಡೆಯುವುದಿಲ್ಲ. ಇದು ನನ್ನ ಅಣ್ಣನಿಗೆ ಗೊತ್ತಿಲ್ಲವೇ? ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ ನನ್ನನ್ನು ಸಯನ್ನಿನಲ್ಲಿಯೇ ಕೂರಿಸಲು ನೋಡುತ್ತಾನೆ ಎಂದರೆ ಏನರ್ಥ?

ಇನ್ನೊಂದು ಕೇಳು. ಪತ್ತನಾಜೆ ಕಳೆದ ಮೇಲೆ, ಅಂದರೆ ಮಳೆಗಾಲದ ಬಾಗಿಲಿನಿಂದ ದೀಪಾವಳಿಯವರೆಗೆ, ನಮ್ಮಲ್ಲಿ ದೈವದ ಕೆಲಸಗಳನ್ನು ಮಾಡುವ ಕ್ರಮ ಇಲ್ಲ. ದೈವಗಳಿಗೂ ಅದು ವಿಶ್ರಾಂತಿಯ ಕಾಲ ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಗಡಿ ಖಾಲಿ ಬಿದ್ದು ಎಷ್ಟೋ ವರ್ಷ ಆಯಿತು. ಇಷ್ಟು ಕಾಲ ಕಾದವರಿಗೆ ದೀಪಾವಳಿ ಕಳೆಯುವ ತನಕ ಒಂದು ವಾರ ಕಾಯಲಿಕ್ಕೆ ಆಗುವುದಿಲ್ಲವೇ? ಆಗುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ನಾಮಪತ್ರದ ದಿನ ಬರುತ್ತದೆ. ದೈವ ಕಾಯುತ್ತದೆ, ಚುನಾವಣೆ ಕಾಯುವುದಿಲ್ಲ.

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಿನಗೆ ಗಡಿ ಎಂದರೆ ಒಂದು ಒಳ್ಳೆಯ ಫೋಟೋ. ತಪ್ಪು ನಿನ್ನದಲ್ಲ, ನಿನಗೆ ಯಾರೂ ಹೇಳಲಿಲ್ಲ. ಗಡಿಗೆ ಕೂರುವುದೆಂದರೆ ಗುತ್ತಿನ ಮನೆಗೂ ಅದರ ದೈವಕ್ಕೂ ಯಜಮಾನನಾಗುವುದು. ಮರ್ಯಾದೆಯ ಸ್ಥಾನ, ನಾನು ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕೆ ಕಟ್ಟು ಉಂಟು. ಕೆಲವು ಗುತ್ತುಗಳಲ್ಲಿ ಕಾಲಕ್ಕೆ ತಕ್ಕ ಹಾಗೆ ಸಡಿಲ ಮಾಡಿಕೊಂಡಿದ್ದಾರಂತೆ. ನಮ್ಮಲ್ಲಿ ಮಾಡಿಲ್ಲ. ಪ್ರತಿ ಸಂಜೆ ದೈವದ ದೀಪವನ್ನು ಗಡಿಯವನ ಕೈಯೇ ಹಚ್ಚಬೇಕು. ಬೇರೆಯವರ ಒಲೆಯಲ್ಲಿ ಬೆಂದ ಅನ್ನ ಅವನಿಗೆ ಆಗದು. ಹೊರಗೆ ಒಂದು ರಾತ್ರಿಯೂ ಮಲಗುವ ಹಾಗಿಲ್ಲ. ಒಮ್ಮೆ ಆ ಮುಂಡಾಸು ಕಟ್ಟಿದರೆ ಸಾಯುವ ತನಕ ಇಳಿಸುವ ಹಾಗೂ ಇಲ್ಲ. ಈಗ ಹೇಳು, ಓಟು ಕೇಳುವವನು ಯಾರ ಮನೆಯಲ್ಲಿಯೂ ಊಟ ಮಾಡದೆ ಹೇಗೆ ಕೇಳುತ್ತಾನೆ? ನಿನ್ನ ಮಾವ ಗೆದ್ದದ್ದು ಭಾಷಣದಿಂದಲ್ಲ, ಗಂಜಿಯಿಂದ. ಯಾರ ಜಗಲಿಯಲ್ಲಾದರೂ ಕುಳಿತು "ಅಕ್ಕಾ, ಒಂದು ಬಟ್ಟಲು ಗಂಜಿ ಉಂಟಾ?" ಎಂದು ಕೇಳಿ ಉಪ್ಪಿನಕಾಯಿ ನೆಕ್ಕಿ ಎದ್ದರೆ ಆ ಮನೆಯ ಓಟೆಲ್ಲ ಅವನ ಕಿಸೆಗೆ. ನೀನು ಅದೇ ಜಗಲಿಯಲ್ಲಿ "ನನಗೆ ಆಗುವುದಿಲ್ಲ" ಎಂದು ಕೈಮುಗಿದರೆ, ಎಮ್ಮೆಲ್ಲೆ ಶೆಟ್ಟರ ಅಳಿಯನಿಗೆ ನಮ್ಮ ಮನೆಯ ಗಂಜಿ ಮೈಲಿಗೆಯಾಯಿತೇ ಎಂದು ಕೇಳುವುದಿಲ್ಲವೇ ಜನ? ಗೆದ್ದರೂ ವಿಧಾನಸೌಧದಿಂದ ಸಂಜೆಗೆ ಮನೆಗೆ ಬಂದು ದೀಪ ಹಚ್ಚುತ್ತೀಯಾ?

ಇದು ನನ್ನ ತಲೆಯಿಂದ ಹುಟ್ಟಿದ ಸಂಶಯ ಎಂದು ಅಪ್ಪನ ಹಾಗೆ ನೀನೂ ನಗಬೇಡ. ಇದು ನಿನ್ನ ಮಾವನದ್ದೇ ಮಾತು. ಗಡಿ ಖಾಲಿಯಾದಾಗ ಮುಂದಿನ ಸರದಿ ಅವನದ್ದೇ ಆಗಿತ್ತು. ಊರಿನವರು ಬಂದು ಕೇಳಿದಾಗ ನಾನು ಆ ಚಾವಡಿಯಲ್ಲಿ ಇದ್ದೆ. "ರಾಜಕೀಯದವನಿಗೆ ಗಡಿ ಆಗ್ಲಿಕ್ಕಿಲ್ಲ ಮಾರಾಯ್ರೆ. ಇವತ್ತು ಬಡವನ ಮನೆ ಗಂಜಿ, ನಾಳೆ ಬೆಂಗಳೂರು. ಸಂಜೆ ದೀಪ ಇಡುವುದು ಯಾರು?" ಎಂದು ಎಲ್ಲರ ಮುಂದೆ ಹೇಳಿ ಜಾರಿಕೊಂಡ. ತನಗೆ ಆಗದ್ದು ನಿನಗೆ ಹೇಗೆ ಆಯಿತು? ನೀನೂ ರಾಜಕೀಯಕ್ಕೇ ಹೋದವನಲ್ಲವೇ? ಅವನು ನಿನ್ನನ್ನು ರಾಜಕೀಯದವನೆಂದು ಎಣಿಸಿಯೇ ಇಲ್ಲ ಎಂದಲ್ಲವೇ ಇದರ ಅರ್ಥ?

ನಿನ್ನ ಕಾಗದದ ಕೊನೆಯಲ್ಲಿ ಮಾವ ನಿನಗೆ ಹೇಳಿದ ಒಂದು ಮಾತನ್ನು ಹೆಮ್ಮೆಯಿಂದ ಬರೆದಿದ್ದಿ. "ನೀನು ಮನೆಯ ಕಾವಲಿಗೆ ಇರು, ಹೊರಗಿನ ಓಡಾಟ ನಾವು ನೋಡಿಕೊಳ್ಳುತ್ತೇವೆ." ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ ಮಗಾ. ಈ ಮಾತನ್ನು ನಾನು ಹಿಂದೆ ಒಮ್ಮೆ ಕೇಳಿದ್ದೇನೆ. ನನ್ನ ಅಮ್ಮನ ಅಣ್ಣ, ನಮ್ಮ ದೊಡ್ಡಮಾವ, ಗಡಿಯಲ್ಲಿದ್ದ ಕೊನೆಯವರು. ನಿನಗೆ ನೆನಪಿರಬಹುದು, ಬಿಳಿ ಮೀಸೆ, ಕಂಚಿನ ಗಂಟೆಯ ಹಾಗಿನ ಸ್ವರ. ಪ್ರಾಯದಲ್ಲಿ ಅವರು ಬಂದು ನಿಂತರೆ ಸಾಕು, ಜಗಳ ಆಡುವವರು ಕತ್ತಿ ಕೆಳಗಿಡುತ್ತಿದ್ದರು. ಐವತ್ತೇಳರ ಚುನಾವಣೆಗೆ ಅವರೇ ನಿಲ್ಲಬೇಕು ಎಂದು ಊರೆಲ್ಲ ಹೇಳುತ್ತಿತ್ತು. ಆ ವರ್ಷವೇ ಅವರನ್ನು ಗಡಿಗೆ ಕೂರಿಸಿದರು. ಚಪ್ಪರ ಹಾಕಿಸಿ, ಬ್ಯಾಂಡು ತರಿಸಿ, ಓಡಾಡಿ ಬೆವರು ಸುರಿಸಿದ್ದು ಆಗತಾನೆ ಕಾಲೇಜು ಮುಗಿಸಿ ಬಂದಿದ್ದ ನನ್ನ ಅಣ್ಣ. ಮುಂಡಾಸಿನ ಸೆರಗನ್ನು ಸರಿಮಾಡುತ್ತಾ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಉಂಟು. "ಮಾವಾ, ನೀವು ಮನೆಯ ಕಾವಲಿಗೆ ಇರಿ, ಹೊರಗಿನ ಓಡಾಟ ನಾನು ನೋಡ್ಕೊಳ್ತೇನೆ." ಮುಂದಿನ ಚುನಾವಣೆಯಲ್ಲಿ ನಿಂತದ್ದು ಅವನು, ದೊಡ್ಡಮಾವನ ಹೆಸರು ಹೇಳಿ ಗೆದ್ದದ್ದೂ ಅವನು. ಆಗ ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ದೊಡ್ಡಮಾವ ಆಮೇಲೆ ಅಂಗಳದ ಮನುಷ್ಯನಾದರು. ನಾನು ಮದುವೆಯಾಗಿ ಬೊಂಬಾಯಿಗೆ ಹೊರಟಾಗ ದಣಪೆಯ ತನಕ ಬಂದರು. ಗದ್ದೆಯ ಬೇಲಿಗೆ ಅಡ್ಡಗೋಲು ಹಾಕಿದ ಆ ಬಾಗಿಲು ನಿನಗೆ ಗೊತ್ತಲ್ಲ, ಅದರ ಒಳಗೇ ನಿಂತರು. ಹೊಳೆಯ ದೋಣಿಕಡವಿಗೆ ಬಂದರೆ ಸಂಜೆಯ ದೀಪಕ್ಕೆ ತಡವಾಗುತ್ತದೆ ಎಂದರು. ನೀನು ಇಲ್ಲಿ ಹುಟ್ಟಿದಾಗ ಬರಲಿಲ್ಲ, ಕಾಗದ ಬರೆದರು. "ಮಗು ಯಾರ ಹಾಗಿದೆ? ಕರೆಂಟಿನ ರೈಲು ಹೊಗೆ ಬಿಡುತ್ತದೆಯೇ? ಅಲ್ಲಿಯೂ ಸಮುದ್ರ ಪಡುವಣದಲ್ಲೇ ಉಂಟೇ?" ಎಂದು. ಆಮೇಲೆ ನಿನ್ನನ್ನು ಊರಿಗೆ ಕರೆದುಕೊಂಡು ಹೋದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ದಣಪೆಯ ತನಕ ನಡೆದು, ಆಚೆ ಇಳಿಸಿ, "ಓಡು, ಹೊಳೆಯಲ್ಲಿ ನೀರೆಷ್ಟು ಉಂಟು ನೋಡಿ ಬಂದು ನನಗೆ ಹೇಳು" ಎನ್ನುತ್ತಿದ್ದರು. ನೀನು ಓಡಿ ಹೋಗಿ ಬಂದು ಕೈ ಅಗಲಿಸಿ "ಇಷ್ಟು" ಎನ್ನುತ್ತಿದ್ದೆ. ಆ ಹೊಳೆ ಮನೆಯಿಂದ ಕೂಗಳತೆಯ ದೂರ. ಕಟ್ಟಿಗೆ ಹೆದರಿ ಹೆದರಿ ಕೊನೆಗೆ ಅಷ್ಟು ದೂರವೂ ಅವರ ಕಾಲು ದಾಟಲಿಲ್ಲ. ಅವರು ಒಮ್ಮೆಯೂ ದೂರಲಿಲ್ಲ, ಅದೇ ನನಗೆ ಸಂಕಟ.

ಹೀಗೆ ಒಂದು ಎಳೆ ಹಿಡಿದು ಎಳೆದರೆ ಹಿಂದಿನದ್ದೂ ಬಿಚ್ಚಿಕೊಳ್ಳುತ್ತದೆ. ನೀನು ಇಲ್ಲಿ ಕೆಲಸ ಆರಂಭಿಸಿದ್ದು ಮಾವನ ಹೆಸರಿನಿಂದಲ್ಲ. ಹೋಟೆಲಿನ ಹುಡುಗರಿಗೆ ರಾತ್ರಿಶಾಲೆ, ಜೋಗೇಶ್ವರಿಯ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನಿಗೆ ಪರಿಹಾರ, ಚಾಳುಗಳಲ್ಲಿ ರೇಷನ್ ಕಾರ್ಡು ಇಲ್ಲದವರಿಗೆ ಕಾರ್ಡು, ಇದಕ್ಕೆಲ್ಲ ಚಪ್ಪಲಿ ಸವೆಸಿದವನು ನೀನು. ಎಂಬತ್ತೈದರಲ್ಲಿ ಕಾರ್ಪೊರೇಷನ್ ಚುನಾವಣೆಗೆ ಸಯನ್ನಿನಿಂದ ನಿಲ್ಲು ಎಂದು ಮರಾಠಿಯವರೇ ಬಂದು ಕೇಳಿದರು. ನೀಲಾಬಾಯಿ "ಆಮ್ಚಾ ಶೇಖರ್", ನಮ್ಮ ಶೇಖರ, ಎಂದು ಮೆಟ್ಟಿಲಲ್ಲೇ ಪೇಡೆ ಹಂಚಿದ್ದಳು. ಆಗ ಮಾವ ಟ್ರಂಕ್ ಕಾಲ್ ಮಾಡಿ "ಗಟಾರ ತೊಳೆಯುವ ಚುನಾವಣೆಗೆ ನನ್ನ ಅಳಿಯ ನಿಲ್ಲುವುದಾ? ನಿನಗೆ ದೊಡ್ಡದು ಇಟ್ಟಿದ್ದೇನೆ, ಕಾದಿರು" ಎಂದ. ನೀನು ಕಾದೆ. ಅವನು ಕೊಟ್ಟದ್ದು ಮೊಣಕೈಗೆ ಹಚ್ಚಿದ ಬೆಲ್ಲ. ಕಾಣುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ಆಗಲೂ ನನಗೆ ಸಂಶಯ ಬಂದಿತ್ತು, ಅಪ್ಪನ ನಗೆಗೆ ಹೆದರಿ ಸುಮ್ಮನಿದ್ದೆ. ಈ ಸಲ ಸುಮ್ಮನಿರುವುದಿಲ್ಲ.

ಇನ್ನು ಇಲ್ಲಿಯ ಸಮಾಚಾರ. ನಿನ್ನೆ ಇಲ್ಲಿಯ ಕನ್ನಡ ಸಂಘದ ಕಾರ್ಯದರ್ಶಿ ಸತ್ಯಮೂರ್ತಿಯವರು ಮನೆಗೆ ಬಂದಿದ್ದರು. ಬ್ಯಾಂಕಿನ ಸಾಧು ಮನುಷ್ಯ, ಚಹಾ ಕೊಟ್ಟರೂ ಎರಡು ಸಲ ಕೈಮುಗಿಯುತ್ತಾರೆ. "ಅಮ್ಮಾ, ಈ ಭಾನುವಾರ ಸಾಯಂಕಾಲ ಸಂಘದ ಹಾಲ್‌ನಲ್ಲಿ ಒಂದು ಸನ್ಮಾನ ಇಟ್ಕೊಂಡಿದೀವಿ. ಊರಿಂದ ಯುವ ನಾಯಕರೊಬ್ರು ಬರ್ತಾ ಇದಾರೆ. ತಾವೇ ಆರತಿ ಎತ್ತಿ ಬರಮಾಡ್ಕೋಬೇಕು" ಎಂದರು. ಯಾರು ಎಂದು ಕೇಳಿದೆ. "ಹೆಸರು ಈಗ್ಲೇ ಹೇಳ್ಬೇಡಿ ಅಂತ ಊರಿಂದ ಹೇಳಿದಾರೆ" ಎಂದು ನೆಲ ನೋಡಿದರು. ಒಂದು ಕ್ಷಣ ನೀನೇ ಬರುತ್ತಿದ್ದಿ ಎಂದು ಎದೆ ಹಿಗ್ಗಿತು. ಮರುಕ್ಷಣ ನೆನಪಾಯಿತು, ಭಾನುವಾರ ನೀನು ಅಲ್ಲಿ ಮುಂಡಾಸು ಕಟ್ಟಿಸಿಕೊಳ್ಳುತ್ತಿರುತ್ತಿ. ಊಟದ ವ್ಯವಸ್ಥೆ ನಮ್ಮ ಹೋಟೆಲಿನಿಂದಲೇ ಆಗಬೇಕಂತೆ, ಆದರೆ ಮೀನು ಕೂಡದಂತೆ, ಅತಿಥಿಗಳಿಗೆ ಅದರ ವಾಸನೆಯೇ ಆಗದಂತೆ. ಶೇಖರಾ, ನಮ್ಮ ಕಡೆಯಲ್ಲಿ ಮೀನಿನ ವಾಸನೆಗೆ ಮೂಗು ಮುಚ್ಚುವ ಯುವ ನಾಯಕ ನನಗೆ ಗೊತ್ತಿರುವುದು ಒಬ್ಬನೇ, ನಿನ್ನ ಮಾವನ ಮಗ ಜಯಕರ. ಚಿಕ್ಕವನಿದ್ದಾಗ ನನ್ನ ಅಡುಗೆಮನೆಗೆ ಕರವಸ್ತ್ರ ಹಿಡಿದುಕೊಂಡು ಬರುತ್ತಿದ್ದ.

ಚುನಾವಣೆಗೆ ನಿಲ್ಲುವವರು ಮೊದಲು ಮುಂಬಯಿಗೆ ಯಾಕೆ ಬರುತ್ತಾರೆಂದು ನಿನಗೆ ನಾನು ಹೇಳಬೇಕೇ? ಇಲ್ಲಿಯ ಹೋಟೆಲಿನವರು ಊರಿನ ಮನೆಗೆ ಒಂದು ಕಾಗದ ಹಾಕಿದರೆ ಅಲ್ಲಿ ಒಲೆಯಿಂದ ಹಟ್ಟಿಯ ತನಕ ಎಲ್ಲರೂ ಅದೇ ಗುರುತಿಗೆ ಒತ್ತುತ್ತಾರೆ. ಆ ಹೋಟೆಲಿನವರಿಗೆ ಜಯಕರ ಯಾರೆಂದು ಗೊತ್ತಿಲ್ಲ, ನೀನು ಗೊತ್ತು. ಆದರೆ ಶೇಖರನ ಅಮ್ಮನೇ ವೇದಿಕೆಯಲ್ಲಿ ಅವನಿಗೆ ಆರತಿ ಎತ್ತಿದರೆ ಅವರಿಗೆ ಬೇರೆ ಏನು ಹೇಳಬೇಕು? ಅಲ್ಲಿ ನಿನ್ನ ತಲೆಗೆ ಮುಂಡಾಸು, ಇಲ್ಲಿ ನನ್ನ ಕೈಗೆ ತಟ್ಟೆ, ಎರಡೂ ಒಂದೇ ದಿನ. ನನ್ನ ಮಂಡಿಯ ಮೇಲೆ ಅಣ್ಣನಿಗೆ ಅಷ್ಟು ಮಮತೆ ಯಾಕೆ ಬಂತೆಂದು ಈಗ ಗೊತ್ತಾಯಿತಲ್ಲ. ಸತ್ಯಮೂರ್ತಿಯವರಿಗೆ ನಾನು ಹೌದು ಎನ್ನಲಿಲ್ಲ, ಇಲ್ಲವೂ ಎನ್ನಲಿಲ್ಲ, ಇನ್ನೊಂದು ಲೋಟ ಚಹಾ ಕೊಟ್ಟೆ.

ಇಷ್ಟೆಲ್ಲ ಬರೆದರೂ ಒಂದು ಅಳುಕು ನನ್ನನ್ನು ಬಿಟ್ಟಿಲ್ಲ. ಜಯಕರ ಇಲ್ಲಿಗೆ ಬರುತ್ತಾನೆ ಎನ್ನುವುದನ್ನು ನಾನು ಕಣ್ಣಿನಿಂದ ನೋಡಿಲ್ಲ, ಮೀನಿನ ಮೇಲೆ ಲೆಕ್ಕ ಹಾಕಿದ್ದು. ಅಣ್ಣನಿಗೂ ತನ್ನದೊಂದು ನ್ಯಾಯ ಇರಬಹುದು, ಅಳಿಯನಿಗೆ ಮನೆ, ಮಗನಿಗೆ ಸೀಟು, ಇಬ್ಬರಿಗೂ ಒಂದೊಂದು ಎಂದು. ಮಗನ ಮೋಹ ಯಾರನ್ನು ಬಿಟ್ಟಿದೆ, ನನ್ನನ್ನು ಬಿಟ್ಟಿದೆಯೇ? ಆದರೆ ಪಾಲು ಮಾಡುವವನು ಪಾಲುಗಾರನಿಗೆ ಹೇಳಿ ಮಾಡಬೇಕು. ಮತ್ತೆ ನಿನ್ನ ಮೇಲೂ ನನಗೆ ಅನುಮಾನ ಉಂಟು, ಬೇಸರಿಸಬೇಡ. ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತೇ? ಹಾರ ತುರಾಯಿಗೆ ಮರುಳಾಗಿ, ಜನ ಕಾಲುಮುಟ್ಟುವ ಸುಖಕ್ಕೆ ತಲೆ ತೂಗಿದೆಯಾ? ಗೊತ್ತಿದ್ದು, ಕಟ್ಟುಗಳನ್ನೆಲ್ಲ ಯೋಚಿಸಿ, ದೈವದ ಸೇವೆಯೇ ನನಗೆ ಬೇಕು ಎನ್ನುವುದಾದರೆ ಹೇಳು, ನಾನು ನನ್ನ ಕೈಯಿಂದಲೇ ಅಕ್ಕಿ ಹಾಕಿ ಕಣ್ಣೊರೆಸಿಕೊಂಡು ಬರುತ್ತೇನೆ. ಎಮ್ಮೆಲ್ಲೆಯ ತಾಯಿ ಎನ್ನಿಸಿಕೊಳ್ಳುವ ಆಸೆ ನನಗಿಲ್ಲ, ಎಮ್ಮೆಲ್ಲೆಯ ತಂಗಿ ಎನ್ನಿಸಿಕೊಂಡದ್ದೇ ಸಾಕಾಗಿದೆ. ಆದರೆ ಗೊತ್ತಿಲ್ಲದೆ ಕೂರಬೇಡ ಮಗಾ. ದಣಪೆಯ ಒಳಗೆ ನಿಂತು ಬೇರೆಯವರ ಮಕ್ಕಳನ್ನು ಹೊಳೆ ನೋಡಿ ಬರಲು ಕಳಿಸುವ ನಿನ್ನನ್ನು ಯೋಚಿಸಿದರೆ ನನಗೆ ಹೆದರಿಕೆಯಾಗುತ್ತದೆ.

ಐತ ಬಾಯಲ್ಲಿ ಹೇಳಿದ ಎಂದು ಅತ್ತೆಗೆ ನನ್ನ ನೆನಪುಗಳನ್ನು ತಿಳಿಸು, ಮಾವನಿಗೆ ನಮಸ್ಕಾರ ಹೇಳು, ಮುಖ ಮಾತ್ರ ಮಾಮೂಲಿನ ಹಾಗೆ ಇಟ್ಟುಕೋ. ತಲೆಗೆ ಎಣ್ಣೆ ಹಾಕಿ ಮೀಯಿ. ನಮ್ಮ ಮನೆಯ ದೈವ ನಿನ್ನನ್ನು ಕಾಯಲಿ, ಕಟ್ಟದಿರಲಿ.

ನಿನ್ನನ್ನೇ ನೆನೆಯುತ್ತಿರುವ ಅಮ್ಮ,
ವಾರಿಜಾ

ತಾ.ಕ.: ಐತ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಅಪ್ಪ ಈಗಷ್ಟೇ ಬಂದರು. ಘಾಟ್ಕೋಪರ್ ಸ್ಟೇಷನ್ನಿನ ಪಕ್ಕ ಬೋರ್ಡು ಬರೆಯುವವನ ಅಂಗಡಿಯಲ್ಲಿ ಬಟ್ಟೆಯ ಬ್ಯಾನರು ಒಣಗಲು ಹಾಕಿದ್ದನ್ನು ನೋಡಿ ಬಂದಿದ್ದಾರೆ. "ಭಾವೀ ಶಾಸಕ ಶ್ರೀ ಜಯಕರ ಶೆಟ್ಟರಿಗೆ ಮುಂಬಯಿ ಕನ್ನಡಿಗರ ಸ್ವಾಗತ." ಅದರ ಕೆಳಗೆ ಬಂದು ಹರಸುವವರ ಹೆಸರುಗಳಲ್ಲಿ ನನ್ನದೇ ಮೊದಲು, ಅಪ್ಪನದ್ದು ಎರಡನೆಯದು. ನನ್ನನ್ನು ಗೇಲಿ ಮಾಡುವ ಅವರೇ ಈಗ ಅಟ್ಟದ ಮೇಲಿನಿಂದ ನನ್ನ ಚೀಲ ಇಳಿಸಿ ಧೂಳು ಒರೆಸುತ್ತಿದ್ದಾರೆ. ನಾಳೆಯ ಬಸ್ಸಿಗೆ ಹೊರಡುತ್ತೇನೆ. ಮೊದಲ ಅಕ್ಕಿ ನನ್ನ ಮುಷ್ಟಿಯಲ್ಲಿ ಉಂಟು. ಊರೆಲ್ಲ ಸೇರಿದ ಚಪ್ಪರದಲ್ಲಿ, ಅಣ್ಣನ ಮುಖ ನೋಡಿ, ಟಿಕೆಟು ಯಾರಿಗೆ ಎಂದು ಕೇಳುತ್ತೇನೆ. ಉತ್ತರ ಕೇಳಿದ ಮೇಲೆ ನೀನಾಗಿ ಬೇಕು ಎಂದರೆ ಮಾತ್ರ ಮುಷ್ಟಿ ಬಿಚ್ಚುತ್ತೇನೆ. ಶುಕ್ರವಾರ ಸಂಜೆ ನೀನು ಒಬ್ಬನೇ ಬಂದು ದಣಪೆಯ ಹತ್ತಿರ ನಿಂತಿರು, ಒಳಗಲ್ಲ, ಹೊರಗೆ. ಅಲ್ಲಿಯವರೆಗೆ ಮಾವ ಕೇಳಿದರೆ, ಅಮ್ಮನಿಗೆ ಮಂಡಿನೋವು ಜೋರಾಗಿದೆ, ಮೆಟ್ಟಿಲು ಇಳಿಯಲಿಕ್ಕೂ ಆಗುವುದಿಲ್ಲ ಎಂದೇ ಹೇಳು.